ಮೊದಲು ಒರಟು, ಆಮೇಲೆ ಮೇಣ

ಆಕಾಶವಾಣಿ ಕೇಳುಗರಿಗೆ ನಮಸ್ಕಾರ. ದಾವಣಗೆರೆ, ಚಿತ್ರದುರ್ಗದಲ್ಲಿ ಅಲ್ಯೂಮಿನಿಯಂ ಕಿಟಕಿ, ಬಾಗಿಲು ಮಾಡುವ ಫ್ಯಾಬ್ರಿಕೇಷನ್ ಅಂಗಡಿಯವರು, ಐಟಿಐ, ಡಿಪ್ಲೊಮಾ ಓದುತ್ತಿರುವ ಮಕ್ಕಳು ಕೇಳುತ್ತಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ. ಇವತ್ತಿನ ವಿಷಯ, ಅಲ್ಯೂಮಿನಿಯಂ ಮೇಲೆ ನೀರು ನಿಲ್ಲದಂತೆ ಮಾಡಿ ತುಕ್ಕು ತಡೆಯುವುದು.

ಬಚ್ಚಲುಮನೆಯ ಅಲ್ಯೂಮಿನಿಯಂ ಬಾಗಿಲಿನ ಕೆಳಪಟ್ಟಿಯನ್ನು ಒಮ್ಮೆ ಬಗ್ಗಿ ನೋಡಿ. ಬಿಳಿ ಪುಡಿ ಎದ್ದಿರುತ್ತದೆ. ಕೆರೆದರೆ ಅಡಿಯಲ್ಲಿ ಸಣ್ಣ ಸಣ್ಣ ಗುಂಡಿಗಳು. ಅಲ್ಯೂಮಿನಿಯಂಗೆ ತುಕ್ಕಿಲ್ಲ ಅನ್ನುತ್ತಾರೆ. ಕೆಂಪು ತುಕ್ಕಿಲ್ಲ, ಅಷ್ಟೇ! ಗಾಳಿ ತಾಗಿದ ಕೂಡಲೇ ಈ ಲೋಹದ ಮೈಮೇಲೆ ಆಕ್ಸೈಡಿನ ಪೊರೆ ಕಟ್ಟುತ್ತದೆ. ದಪ್ಪ ಕೆಲವೇ ನ್ಯಾನೋಮೀಟರ್. ಅದೇ ಅದರ ರಕ್ಷಣೆ. ಬೋರ್‌ವೆಲ್ ನೀರಿನ ಹನಿ ಅಲ್ಲೇ ಕೂತು ಆರಿದರೆ ಉಪ್ಪು ಉಳಿಯುತ್ತದೆ, ಅದರೊಳಗಿನ ಕ್ಲೋರೈಡ್ ಪೊರೆಯನ್ನು ತೂತು ಮಾಡುತ್ತದೆ. ಹಾಗಾಗಿ ಹನಿ ಕೂರಲೇಬಾರದು, ಉರುಳಿ ಹೋಗಬೇಕು.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ: ಒಂದಿಷ್ಟು ಮೇಣ ಹಚ್ಚಿದರೆ ಆಗುವುದಿಲ್ಲವೇ? ಆಗುವುದಿಲ್ಲ. ಮೊದಲು ಒರಟು, ಆಮೇಲೆ ಮೇಣ. ನುಣುಪಾದ ಮೈಗೆ ಎಷ್ಟೇ ದುಬಾರಿ ರಾಸಾಯನಿಕ ಹಚ್ಚಿ, ನೀರಿನ ಹನಿ ಅದರ ಮೇಲೆ ಸುಮಾರು 120 ಡಿಗ್ರಿ ಕೋನಕ್ಕಿಂತ ಹೆಚ್ಚು ಗುಂಡಗಾಗುವುದಿಲ್ಲ. ಕೋನ ಅಂದರೆ ತಗಡಿಗೂ ಹನಿಯ ಅಂಚಿಗೂ ನಡುವೆ, ಹನಿಯ ಒಳಗಿನಿಂದ ಅಳೆಯುವ ಕೋನ; ಅದು ಹೆಚ್ಚಿದಷ್ಟೂ ಹನಿ ಗುಂಡಗೆ. ನಮಗೆ ಬೇಕಾದದ್ದು 150 ಡಿಗ್ರಿ ದಾಟಿದ ಹನಿ, ಅದೂ ತಗಡನ್ನು 10 ಡಿಗ್ರಿ ಓರೆ ಮಾಡುವುದರೊಳಗೆ ಉರುಳುವ ಹನಿ.

ಒರಟು ಬೇಕು ಅನ್ನುವುದು ಗೊತ್ತಾದ ಬಗೆ ಬಹಳ ಸೊಗಸು. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ತ್‌ಲಾಟ್ 1970ರ ದಶಕದಲ್ಲಿ ಎಲೆಗಳ ಮೈಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ನೋಡುವ ಮುಂಚೆ ಎಲೆಯ ದೂಳು ತೊಳೆಯಬೇಕಲ್ಲ. ನುಣುಪಾದ ಎಲೆಗಳಿಗೆ ಪ್ರತಿಸಲ ತೊಳೆತ ಬೇಕಾಗುತ್ತಿತ್ತು, ಒರಟು ಮೈಯ ಎಲೆಗಳು ತೊಳೆಯುವ ಮೊದಲೇ ಸ್ವಚ್ಛ. ನಾವು ಅಂದುಕೊಂಡಿರುವುದಕ್ಕೆ ಪೂರ್ತಿ ಉಲ್ಟಾ! ಅವರೂ ಇನ್ನೊಬ್ಬ ಸಸ್ಯವಿಜ್ಞಾನಿ ಕ್ರಿಸ್ಟೋಫ್ ನೈನ್‌ಹುಯಿಸರೂ ಸೇರಿ 1997ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತಾವರೆಯ ಜೊತೆಗೆ ನಮ್ಮ ಹಿತ್ತಲಿನ ಕೆಸುವಿನ ಎಲೆಯೂ ಇದೆ. ಎಲೆಯ ಮೈಯಲ್ಲಿ ಕಣ್ಣಿಗೆ ಕಾಣದ ಗುಬುಟುಗಳು, ಆ ಗುಬುಟುಗಳ ಮೇಲೆ ಇನ್ನೂ ಸಣ್ಣ ಮೇಣದ ಹರಳುಗಳು. ಹನಿ ತುದಿಗಳ ಮೇಲೆ ಮಾತ್ರ ನಿಲ್ಲುತ್ತದೆ, ಅಡಿಯಲ್ಲೆಲ್ಲ ಗಾಳಿ. ಇಂಥ ಮೈಯ ಲೆಕ್ಕವನ್ನು ಕ್ಯಾಸಿ ಮತ್ತು ಬ್ಯಾಕ್ಸ್ಟರ್ ಎಂಬ ವಿಜ್ಞಾನಿಗಳು 1944ರಲ್ಲೇ ಬರೆದಿದ್ದರು, ಆದರೆ ಎಲೆ ಅದನ್ನು ಕಣ್ಣಿಗೆ ತೋರಿಸಿತು. ಗಾಳಿ ಅಡ್ಡ ಇರುವ ತನಕ ಉಪ್ಪುನೀರು ಲೋಹವನ್ನು ಮುಟ್ಟುವುದಿಲ್ಲ. ನೀರು ಜಾರುವುದೂ ತುಕ್ಕು ತಡೆಯುವುದೂ ಬೇರೆ ಬೇರೆ ಕೆಲಸ ಅಲ್ಲ.

ಈಗ ಮಾಡುವ ಬಗೆ. ಕಿಟಕಿ ಸೆಕ್ಷನ್ನಿನ 6063 ನಂಬರಿನ ಮಿಶ್ರಲೋಹದ, ಪೌಡರ್ ಕೋಟಿಂಗ್ (ಪುಡಿ ಬಣ್ಣ), ಅನೋಡೈಸಿಂಗ್ (ವಿದ್ಯುತ್ ಹಾಯಿಸಿ ಪೊರೆ ದಪ್ಪ ಮಾಡುವುದು) ಏನೂ ಆಗಿರದ ಎರಡಿಂಚಿನ ತುಂಡು ತೆಗೆದುಕೊಳ್ಳಿ. 400, ಆಮೇಲೆ 800 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ, ಅಸಿಟೋನಿನಲ್ಲಿ ಜಿಡ್ಡು ತೆಗೆಯಿರಿ. ಬೆರಳಚ್ಚು ಬಿದ್ದರೆ ಅಲ್ಲಿ ಆಸಿಡ್ ಸರಿಯಾಗಿ ಹಿಡಿಯುವುದಿಲ್ಲ. ಲೀಟರಿಗೆ 40 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿದ ನೀರಿನಲ್ಲಿ ಒಂದು ನಿಮಿಷ ಅದ್ದಿ ಚೆನ್ನಾಗಿ ತೊಳೆಯಿರಿ. ನಂತರ ಮೂರು ಪಾಲು ನೀರಿಗೆ ಒಂದು ಪಾಲು ಹೈಡ್ರೋಕ್ಲೋರಿಕ್ ಆಸಿಡ್. ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್‌ಗೆ ನೀರಲ್ಲ. ತುಂಡು ಹಾಕಿದಾಗ ಸ್ವಲ್ಪ ಹೊತ್ತು ಏನೂ ಆಗದಂತೆ ಕಾಣುತ್ತದೆ. ಆಸಿಡ್ ಸಾಲದು ಅಂತ ಇನ್ನಷ್ಟು ಸುರಿಯಬೇಡಿ. ಪೊರೆ ಕರಗಿದ ಕ್ಷಣ ಭರ್ರನೆ ಗುಳ್ಳೆ ಏಳುತ್ತದೆ, ಪಾತ್ರೆ ಬಿಸಿಯಾಗುತ್ತದೆ. ಏಳುವುದು ಹೈಡ್ರೋಜನ್, ಹತ್ತಿರ ಬೆಂಕಿ ಬೇಡ. ಪಾತ್ರೆಯನ್ನು ತಣ್ಣೀರಿನ ಬೋಗುಣಿಯೊಳಗೆ ಇಡಿ. ಗುಳ್ಳೆ ಜೋರಾದ ಮೇಲೆ 3ರಿಂದ 5 ನಿಮಿಷ ಸಾಕು. ಇದು ದೊಡ್ಡ ಒರಟು.

ಸಣ್ಣ ಒರಟಿಗೆ ಕುದಿಯುವ ಡಿಸ್ಟಿಲ್ಡ್ ನೀರಿನಲ್ಲಿ ಅರ್ಧ ಗಂಟೆ. ಅಲ್ಯೂಮಿನಿಯಂ ನೀರಿನೊಂದಿಗೆ ಸೇರಿ ಬೋಮೈಟ್ ಎಂಬ ನ್ಯಾನೋ ಎಸಳುಗಳು ಬೆಳೆಯುತ್ತವೆ. ದಯವಿಟ್ಟು ಇಲ್ಲಿ ಬೋರ್‌ವೆಲ್ ನೀರು ಹಾಕಬೇಡಿ! ಕಲ್ಲಿನಿಂದ ಕರಗಿ ಬಂದ ಸಿಲಿಕಾ ಈ ಎಸಳು ಬೆಳೆಯಲು ಬಿಡುವುದಿಲ್ಲ. ಎಸಳಿಲ್ಲದಿದ್ದರೆ ಹನಿ ಗುಂಡಗೇನೋ ಕೂರುತ್ತದೆ, ತಗಡು ತಲೆಕೆಳಗು ಮಾಡಿದರೂ ಅಂಟಿಕೊಂಡೇ ಇರುತ್ತದೆ. ಹಾಗಾದಾಗ ತಪ್ಪು ಮೇಣದಲ್ಲಿ ಹುಡುಕಬೇಡಿ, ಕುದಿಸಿದ ನೀರಿನಲ್ಲಿ ಹುಡುಕಿ.

ಒರಟು ಆಯಿತು, ಈಗ ಮೇಣ. ಮೇಣದಬತ್ತಿಗೆ ಬೆರೆಸುವ ಸ್ಟಿಯರಿಕ್ ಆಸಿಡ್ 1 ಗ್ರಾಂ, 100 ಮಿಲಿಲೀಟರ್ ಎಥನಾಲ್. ಉರಿಯ ಮೇಲಲ್ಲ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ಒಣಗಿದ ತುಂಡನ್ನು ಒಂದು ಗಂಟೆ ಮುಳುಗಿಸಿ, ಹೊಸ ಎಥನಾಲಿನಲ್ಲಿ ಜಾಲಾಡಿ, ಆರಿದ ಮೇಲೆ 80 ಡಿಗ್ರಿಯಲ್ಲಿ ಅರ್ಧ ಗಂಟೆ ಒಣಗಿಸಿ. ಸ್ಟಿಯರಿಕ್ ಅಣುವಿನ ತಲೆ ಲೋಹದ ಮೈಯನ್ನು ಹಿಡಿಯುತ್ತದೆ, ಬಾಲ ಹೊರಗೆ ನಿಂತು ನೀರನ್ನು ತಳ್ಳುತ್ತದೆ. ಹೆಚ್ಚಾದದ್ದು ಬಿಳಿ ಪುಡಿಯಾಗಿ ಕೂತು ಎಸಳುಗಳನ್ನು ಮುಚ್ಚುತ್ತದೆ, ಒರೆಸಿದರೆ ಹೋಗುತ್ತದೆ. ಜಾಲಾಡುವುದು ಅದಕ್ಕೇ.

ಸಮಯ ಕಡಿಮೆ ಉಳಿದಿದೆ, ಬೇಗ ಹೇಳುತ್ತೇನೆ. ತಾಮ್ರ ಬೆರೆತ 2024 ಮಿಶ್ರಲೋಹ ಆಸಿಡ್‌ನಲ್ಲಿ ಕಪ್ಪಾಗುತ್ತದೆ, ಅರ್ಧ ನಿಮಿಷ ನೈಟ್ರಿಕ್ ಆಸಿಡ್‌ನಲ್ಲಿ ಅದ್ದಿ ಆ ಮಸಿ ತೆಗೆದು ಮುಂದುವರಿಯಿರಿ. ಕೈ ಉಜ್ಜುವ ಹಿಡಿಕೆಗೆ, ಮೊದಲು ಹೇಳಿದ ಬಚ್ಚಲ ಬಾಗಿಲನ್ನೂ ಸೋಪು ಹಚ್ಚಿ ತಿಕ್ಕುವುದರಿಂದ ಅದಕ್ಕೆ, ಇದು ಬೇಡ, ಎಸಳು ಸವೆದು ಹೋಗುತ್ತವೆ. ಬೀದಿದೀಪದ ಕವಚ, ಹೊರಗಿನ ವಿದ್ಯುತ್ ಪೆಟ್ಟಿಗೆ, ರೇಡಿಯೇಟರ್ ರೆಕ್ಕೆಗಳಂಥ ಕೈ ತಾಗದ ಜಾಗಕ್ಕೆ ಸರಿ. ಕತ್ತರಿಸುವುದು, ಡ್ರಿಲ್ ಹಾಕುವುದು ಎಲ್ಲ ಮುಗಿಸಿಯೇ ಈ ಕೆಲಸಕ್ಕೆ ಕೈ ಹಾಕಿ, ಆಮೇಲೆ ಕೊರೆದ ತೂತಿನ ಅಂಚಿನಿಂದಲೇ ತುಕ್ಕು ಶುರು. ಕನ್ನಡಕ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಉಳಿದ ಆಸಿಡ್‌ಗೆ ನೀರಿನಲ್ಲಿ ಕಲಸಿದ ಸುಣ್ಣವನ್ನು ನಿಧಾನವಾಗಿ ಬೆರೆಸಿ, ಲಿಟ್ಮಸ್ ಕಾಗದ ಕೆಂಪಾಗುವುದು ನಿಂತ ಮೇಲಷ್ಟೇ ಚೆಲ್ಲಿ. ನಮಸ್ಕಾರ.