ಹೊಸ ಮ್ಯಾನೇಜರ್ ಬಂದಾನಂತ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಹಟ್ಟಿ ಚಿನ್ನದ ಗಣಿಯಲ್ಲಿ 32 ವರ್ಷ ಕೆಲಸ ಮಾಡಿದವನು. ಮಲ್ಲಪ್ಪ ಶಾಫ್ಟ್ ಎಂಬ ಗಣಿಬಾವಿಯಲ್ಲಿ ಕೇಜ್ ಅನ್ನುವ ಲಿಫ್ಟ್ ಹತ್ತಿ ಇಳಿದದ್ದಕ್ಕೆ ಲೆಕ್ಕವೇ ಇಲ್ಲ. ಅಂಥವನು ಇವತ್ತು ನಿಮ್ಮ ಮುಂದೆ ಫುಟ್‌ಬಾಲ್ ಮಾತು ತೆಗೆದಿದ್ದೇನೆ. ಅದೂ ಇಂಗ್ಲೆಂಡಿನ ಫುಟ್‌ಬಾಲ್. ಮನೆಯಲ್ಲಿ ಹೇಳಿದಾಗ ನಮ್ಮವಳು, "ಮಾತಾಡಾಕ ನಿಮಗ ಬ್ಯಾರೆ ಏನೂ ಸಿಗಲಿಲ್ಲೇನು?" ಎಂದಳು. ಸಿಗಲಿಲ್ಲ ನೋಡಿ.

ಗಣಿಯಲ್ಲಿ ದುಡಿದವರಿಗೆ ಒಂದು ಮಾತು ಚೆನ್ನಾಗಿ ಗೊತ್ತು. "ಹೊಸ ಮ್ಯಾನೇಜರ್ ಬಂದಾನಂತ." ಯಾರು ಮೊದಲು ಹೇಳಿದರು ಅಂತ ಯಾರಿಗೂ ತಿಳಿದಿರುವುದಿಲ್ಲ. ಆದರೆ ಮೊದಲ ಪಾಳಿಯವರು ಮೇಲೆ ಬರುವ ಹೊತ್ತಿಗೆ ಕ್ಯಾಂಟೀನಿನಲ್ಲಿ ಆ ಸಾಹೇಬರ ಜಾತಕ ತಯಾರಾಗಿರುತ್ತದೆ. ಎಲ್ಲಿಂದ ಬಂದರು, ಸಿಟ್ಟಿನವರಾ, ರಜೆ ಕೊಡ್ತಾರಾ, ಯೂನಿಯನ್‌ನವರ ಮಾತು ಕೇಳ್ತಾರಾ. ಒಗ್ಗರಣಿ ಮಿರ್ಚಿ ತಿನ್ನುತ್ತಾ ಎಲ್ಲರೂ ಒಂದೊಂದು ಹೇಳುತ್ತಾರೆ. ಹಳೆಯ ಮಂದಿ ಮಾತ್ರ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಕೆಳಗ ಇಳಿತಾನೇನು?" ಆಫೀಸಿನಲ್ಲಿ ಕೂತು ನಕ್ಷೆ ನೋಡುವವರು ಬೇರೆ. ತಲೆಗೆ ದೀಪ ಕಟ್ಟಿಕೊಂಡು, ಬೆವರು ಒರೆಸಿಕೊಳ್ಳುತ್ತಾ, ಅದಿರು ಒಡೆಯುವ ಜಾಗದ ತನಕ ನಡೆದು ಬರುವವರು ಬೇರೆ.

ಇದೇ ಪ್ರಶ್ನೆಯನ್ನು ಇನ್ನೊಂದು ಊರಿನಲ್ಲೂ ಕೇಳುತ್ತಾರೆ ಅಂತ ಗೊತ್ತಾದದ್ದು ನಮ್ಮ ಮಗಳಿಂದ. ಅವಳು ನರ್ಸು. ನಾಲ್ಕೈದು ವರ್ಷದ ಹಿಂದೆ ಇಂಗ್ಲೆಂಡಿನ ಈಶಾನ್ಯ ಮೂಲೆಯ ಸಂಡರ್‌ಲ್ಯಾಂಡ್ ಎಂಬ ಊರಿಗೆ ಕೆಲಸಕ್ಕೆ ಹೋದಳು. ಹೋದ ಹೊಸದರಲ್ಲಿ ಫೋನ್ ಮಾಡಿ, "ಅಪ್ಪಾ, ಇಲ್ಲಿ ಪೇಷೆಂಟ್‌ಗಳು ನನ್ನ ಬಿ.ಪಿ. ಎಷ್ಟು ಅಂತ ಕೇಳಂಗಿಲ್ಲ, ಸ್ಕೋರ್ ಎಷ್ಟು ಅಂತ ಕೇಳ್ತಾರ" ಎಂದಿದ್ದಳು.

ಆ ಊರಿನ ಕಥೆ ಕೇಳಿ. ಅಲ್ಲಿ ವೇರ್ ಅಂತ ಒಂದು ನದಿ. ನದಿ ದಂಡೆಯಲ್ಲಿ ಹಡಗು ಕಟ್ಟುತ್ತಿದ್ದರು. ಪಕ್ಕದಲ್ಲೇ ಕಲ್ಲಿದ್ದಲು ಗಣಿ. ಆ ಸೀಮೆಯಲ್ಲಿ ಉಳಿದಿದ್ದ ಕೊನೆಯ ಗಣಿ ಅದು. 1993ರ ಡಿಸೆಂಬರ್‌ನಲ್ಲಿ ಅದನ್ನೂ ಮುಚ್ಚಿದರು. ನಾಲ್ಕು ವರ್ಷ ಆದ ಮೇಲೆ, 1997ರಲ್ಲಿ, ಅದೇ ಗಣಿಯ ಜಾಗದಲ್ಲಿ ಫುಟ್‌ಬಾಲ್ ಮೈದಾನ ಎದ್ದಿತು. ಹೆಸರು ಸ್ಟೇಡಿಯಂ ಆಫ್ ಲೈಟ್. ಬೆಳಕಿನ ಮೈದಾನ ಅನ್ನಿ. ಯಾವ ಬೆಳಕು? ಗಣಿಯವನ ಕೈದೀಪದ ಬೆಳಕು. ಹೊರಗೆ ಆಳೆತ್ತರಕ್ಕೂ ಮೀರಿದ ಗಣಿ ದೀಪವೊಂದನ್ನು ನಿಲ್ಲಿಸಿದ್ದಾರೆ. ಮಗಳು ಅದರ ಫೋಟೋ ಕಳಿಸಿದ ದಿನ ನಾನು ಬಹಳ ಹೊತ್ತು ಸುಮ್ನೆ ಕೂತಿದ್ದೆ. ನಮ್ಮ ಹಟ್ಟಿಯಲ್ಲಿ ಎರಡು ಸಾವಿರ ವರ್ಷದ ಹಿಂದೆಯೇ ಚಿನ್ನಕ್ಕೆ ಅಗೆದ ಗುರುತುಗಳಿವೆ. ನಮ್ಮದು ಇನ್ನೂ ನಡೆಯುತ್ತಿದೆ. ಅವರದು ನಿಂತುಹೋಯಿತು. ನಿಂತ ಜಾಗದಲ್ಲಿ ಐವತ್ತು ಸಾವಿರದ ಹತ್ತಿರ ಮಂದಿ ಶನಿವಾರ ಶನಿವಾರ ಸೇರುತ್ತಾರೆ. ಅವತ್ತಿನಿಂದ ಆ ಟೀಮು ನನ್ನದೂ ಆಯಿತು.

ಈಗ ಪ್ರಮೋಷನ್ ವಿಷಯಕ್ಕೆ ಬರುತ್ತೇನೆ. ನಮಗೆ ಪ್ರಮೋಷನ್ ಅಂದರೆ ಸೀನಿಯಾರಿಟಿ, ಫೈಲು, ಮೇಲಿನವರ ಸಹಿ. ಅಲ್ಲಿ ಹಾಗಲ್ಲ. ಇಂಗ್ಲೆಂಡಿನ ಲೀಗು ಮಹಡಿ ಮನೆ ಇದ್ದಂತೆ. ಎಲ್ಲಕ್ಕಿಂತ ಮೇಲೆ ಪ್ರೀಮಿಯರ್ ಲೀಗ್. ಅದರ ಕೆಳಗೆ ಚಾಂಪಿಯನ್‌ಷಿಪ್. ಅದರ ಕೆಳಗೆ ಲೀಗ್ ಒನ್. ಹೆಸರು ಒನ್ ಆದರೂ ಅದು ಮೂರನೆಯದು, ಅದ್ಯಾಕೆ ಹಾಗಿಟ್ಟರೋ. ಚಾಂಪಿಯನ್‌ಷಿಪ್‌ನಲ್ಲಿ 24 ಟೀಮು, ಒಬ್ಬೊಬ್ಬರಿಗೆ 46 ಪಂದ್ಯ. ಮೊದಲ ಇಬ್ಬರು ಸೀದಾ ಮೇಲಕ್ಕೆ. 2024-25ರ ನಿಯಮದಂತೆ, ಮೂರರಿಂದ ಆರನೇ ಸ್ಥಾನದ ನಾಲ್ವರು ತಮ್ಮೊಳಗೆ ಹೊಡೆದಾಡಿ, ಗೆದ್ದ ಒಬ್ಬರು ಮಾತ್ರ ಮೇಲಕ್ಕೆ. ಕೊನೆಯ ಮೂವರು ಕೆಳಕ್ಕೆ. ನಮ್ಮ ಐಪಿಎಲ್‌ನಲ್ಲಿ ಹತ್ತನೇ ಸ್ಥಾನಕ್ಕೆ ಬಂದವರೂ ಮುಂದಿನ ವರ್ಷ ಹೊಸ ಬಟ್ಟೆ ಹಾಕಿಕೊಂಡು ಅದೇ ಜಾಗದಲ್ಲಿ ನಿಲ್ಲುತ್ತಾರೆ, ಅಲ್ವಾ? ಅಲ್ಲಿ ಆ ಸುಖ ಇಲ್ಲ. ನಮ್ಮ ದೇಶದ ಫುಟ್‌ಬಾಲ್‌ನಲ್ಲೂ ಈಚೆಗೆ ಇದರ ರುಚಿ ಹತ್ತಿದೆ. ಎರಡನೇ ದರ್ಜೆಯ ಐ-ಲೀಗ್ ಗೆದ್ದು 2023ರಲ್ಲಿ ಪಂಜಾಬ್ ಟೀಮು, 2024ರಲ್ಲಿ ಕೋಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್ ಮೇಲಿನ ದರ್ಜೆಯ ಐಎಸ್‌ಎಲ್‌ಗೆ ಏರಿದವು. ಇಷ್ಟು ಹೇಳಿ ಮುಂದೆ ಹೋಗುತ್ತೇನೆ. ನನ್ನ ಮನಸ್ಸೆಲ್ಲ ಆ ಗಣಿ ಊರಿನಲ್ಲಿದೆ.

ಸಂಡರ್‌ಲ್ಯಾಂಡ್ ಸಣ್ಣ ಟೀಮೇನಲ್ಲ. ಆರು ಸಲ ಇಂಗ್ಲೆಂಡಿಗೇ ಚಾಂಪಿಯನ್. ಕೊನೆಯ ಸಲ ಆದದ್ದು 1936ರಲ್ಲಿ ಅನ್ನೋದು ಬೇರೆ ಮಾತು. 2017ರಲ್ಲಿ ಪ್ರೀಮಿಯರ್ ಲೀಗಿನಿಂದ ಬಿತ್ತು. 2018ರಲ್ಲಿ ಚಾಂಪಿಯನ್‌ಷಿಪ್‌ನಿಂದಲೂ ಬಿತ್ತು. ಎರಡು ಸಲವೂ ಕಟ್ಟಕಡೆಯ ಸ್ಥಾನ. ನಮ್ಮಲ್ಲಿ ಕೇಜಿನ ಹಗ್ಗ ಸಡಿಲವಾದರೆ ಎದೆ ಝಲ್ ಅನ್ನುತ್ತದಲ್ಲ, ಹಾಗೆ ಬಿದ್ದಿತು. ಆದರೂ ಆ ಮಂದಿ ಮೈದಾನ ಬಿಡಲಿಲ್ಲ. ಮೂರನೇ ದರ್ಜೆಗೆ ಇಳಿದ ವರ್ಷವೇ, ಕ್ರಿಸ್‌ಮಸ್ ಮರುದಿನದ ಪಂದ್ಯಕ್ಕೆ 46,039 ಜನ ಬಂದಿದ್ದರು. ಸೋತವನ ಮನೆಗೆ ಇಷ್ಟು ಮಂದಿ ಹೋಗುವುದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಇಂಥವರು ಹೊಸ ಮ್ಯಾನೇಜರ್, ಅಂದರೆ ಅಲ್ಲಿ ಟೀಮಿನ ಕೋಚ್, ಬಂದಾಗಲೆಲ್ಲ ಯಾಕೆ ಇಷ್ಟು ಆಸೆ ಪಡುತ್ತಾರೆ? ಹಳೆಯ ನೆನಪು. 1972ರ ನವೆಂಬರ್‌ನಲ್ಲಿ ಬಾಬ್ ಸ್ಟೋಕೋ ಅಂತ ಒಬ್ಬರು ಬಂದರು. ಟೀಮು ಎರಡನೇ ಡಿವಿಷನ್‌ನ ತಳದಲ್ಲಿ ಒದ್ದಾಡುತ್ತಿತ್ತು. ಆರೇ ತಿಂಗಳು. 1973ರ ಮೇನಲ್ಲಿ ಅದೇ ಟೀಮು ಇಂಗ್ಲೆಂಡಿನ ನಾಕೌಟ್ ಟೂರ್ನಿ ಎಫ್‌ಎ ಕಪ್‌ನ ಫೈನಲ್‌ನಲ್ಲಿ ಬಲಿಷ್ಠ ಲೀಡ್ಸ್ ಟೀಮನ್ನು 1-0ಯಿಂದ ಸೋಲಿಸಿತು. ಸೀಟಿ ಊದಿದ ಕೂಡಲೇ ಸ್ಟೋಕೋ ತಲೆ ಮೇಲಿನ ಟೋಪಿ ಸಮೇತ ಮೈದಾನದೊಳಗೆ ಓಡಿ ಗೋಲ್‌ಕೀಪರ್‌ನನ್ನು ತಬ್ಬಿಕೊಂಡರು. ಆ ಓಟದ ಪ್ರತಿಮೆ ಇವತ್ತಿಗೂ ಮೈದಾನದ ಹೊರಗಿದೆ. 2006ರಲ್ಲಿ ಮತ್ತೊಂದು. ಮೊದಲ ನಾಲ್ಕೂ ಲೀಗ್ ಪಂದ್ಯ ಸೋತಿದ್ದ ಟೀಮಿಗೆ ರಾಯ್ ಕೀನ್ ಮ್ಯಾನೇಜರ್ ಆಗಿ ಬಂದರು. ವರ್ಷದ ಕೊನೆಗೆ ಅದೇ ಟೀಮು ಮೊದಲ ಸ್ಥಾನದಲ್ಲಿ ಪ್ರಮೋಷನ್ ಪಡೆಯಿತು. ಅಜ್ಜ ಒಂದನ್ನು ನೋಡಿದ್ದಾನೆ, ಮಗ ಇನ್ನೊಂದನ್ನು ನೋಡಿದ್ದಾನೆ. ಮೊಮ್ಮಗನಿಗೆ ಆಸೆ ಬೇಡ ಅಂದರೆ ಕೇಳುತ್ತಾನಾ?

ನನಗೆ ಮಾತ್ರ ಸೀಸನ್ ನಡುವೆ ಬಂದ ಮ್ಯಾನೇಜರ್ ಮೇಲೆ ನಂಬಿಕೆ ಕಡಿಮೆ. ಜ್ವರ ಬಂದು ಮೂರನೇ ದಿನಕ್ಕೆ ಡಾಕ್ಟರ ಹತ್ತಿರ ಹೋಗುತ್ತೇವೆ. ನಾಲ್ಕನೇ ದಿನ ಇಳಿಯುತ್ತದೆ. ಡಾಕ್ಟರ ಕೈಗುಣ ಅನ್ನುತ್ತೇವೆ. ಹೋಗದಿದ್ದರೂ ಇಳಿಯುತ್ತಿತ್ತೇನೋ. ಬಾಸ್ ಟೆರ್ ವೇಲ್ ಎಂಬ ಡಚ್ ಅರ್ಥಶಾಸ್ತ್ರಜ್ಞರು ತಮ್ಮ ದೇಶದ ಲೀಗಿನ ಹಲವು ವರ್ಷಗಳ ಫಲಿತಾಂಶ ಹಿಡಿದು ಇದನ್ನೇ ಲೆಕ್ಕ ಹಾಕಿದರು. ಕೋಚನ್ನು ತೆಗೆದ ಟೀಮೂ ಚೇತರಿಸಿಕೊಂಡಿತ್ತು. ಅಷ್ಟೇ ಕೆಟ್ಟು ಹೋಗಿದ್ದರೂ ಕೋಚನ್ನು ಇಟ್ಟುಕೊಂಡ ಟೀಮೂ ಹೆಚ್ಚುಕಡಿಮೆ ಹಾಗೇ ಚೇತರಿಸಿಕೊಂಡಿತ್ತು. ಹಾಗಾದರೆ ಸ್ಟೋಕೋ, ಕೀನ್ ಕಥೆ? ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕೆಲವು ಡಾಕ್ಟರಿಗೆ ಕೈಗುಣ ಇರುತ್ತದೆ ಅಂತಲೇ ಇಟ್ಟುಕೊಳ್ಳೋಣ.

ಮತ್ತೆ ಚಾಂಪಿಯನ್‌ಷಿಪ್‌ಗೆ ಏರಿದ್ದ ಸಂಡರ್‌ಲ್ಯಾಂಡ್‌ಗೆ 2023-24ರಲ್ಲಿ ನೋಡಿ ಏನಾಯಿತು. ಡಿಸೆಂಬರ್‌ನಲ್ಲಿ ಒಬ್ಬ ಮ್ಯಾನೇಜರನ್ನು ತೆಗೆದರು. ಬಂದವರು 12 ಪಂದ್ಯಕ್ಕೇ ಹೋದರು. ಆಮೇಲೆ ನಾಲ್ಕು ತಿಂಗಳು ಕಾಯಂ ಮ್ಯಾನೇಜರೇ ಇಲ್ಲ. ಸೀಸನ್ ಕೊನೆಗೆ ಟೀಮು 16ನೇ ಸ್ಥಾನಕ್ಕೆ ಜಾರಿತು. ಮಗಳ ವಾರ್ಡಿನಲ್ಲಿ ಆಗ ಒಬ್ಬ ಮುದುಕರು ಇದ್ದರಂತೆ. ಮೊದಲು ಆ ಗಣಿಯಲ್ಲೇ ಕೆಲಸ ಮಾಡಿದವರು. ನಮ್ಮ ಅಪ್ಪನೂ ಗಣಿಯವರೇ ಅಂತ ಇವಳು ಹೇಳಿದ್ದಳು. ಅದಾದ ಮೇಲೆ ಅವರು ದಿನಾ ನನ್ನನ್ನು ವಿಚಾರಿಸುತ್ತಿದ್ದರಂತೆ. ಎಷ್ಟು ಆಳ, ಎಷ್ಟು ಸೆಕೆ, ಚಿನ್ನ ಕಣ್ಣಿಗೆ ಕಾಣುತ್ತದಾ. ಎರಡು ಸಾವಿರ ಅಡಿಗೂ ಕೆಳಗೆ, ಸೆಕೆ ಕೇಳಬೇಡಿ, ಚಿನ್ನ ಕಾಣುವುದಿಲ್ಲ, ಬರೀ ಕಲ್ಲು. ಹೀಗೆ ಮಗಳ ಬಾಯಲ್ಲಿ ಉತ್ತರ ಕಳಿಸಿದೆ.

2024ರ ಜೂನ್ ಕೊನೆಗೆ ಮಗಳ ಫೋನ್. "ಅಪ್ಪಾ, ಹೊಸ ಮ್ಯಾನೇಜರ್ ಬಂದಾರ. ಫ್ರಾನ್ಸಿನವರು. ರೆಜೀಸ್ ಲ ಬ್ರೀ."

"ಲೇಬರ್ ಅಂತ ಹೆಸರಾ? ಹಂಗಾದ್ರ ನಮ್ಮವನೇ ಬಿಡು" ಎಂದೆ.

ಆ ಮುದುಕರಿಗೆ ಖುಷಿ ಇರಲಿಲ್ಲವಂತೆ. ಈತ ಫ್ರಾನ್ಸಿನಲ್ಲಿ ನಡೆಸುತ್ತಿದ್ದ ಲೋರಿಯಾಂ ಟೀಮು ಅದೇ ವರ್ಷ ಕೆಳಗೆ ಬಿದ್ದಿತ್ತು. ಬಿದ್ದವನನ್ನು ಕರೆತಂದು ಏರಿಸು ಅನ್ನುವುದಾ ಅಂತ ಅವರ ತಕರಾರು. ನಾನು ಒಂದೇ ಪ್ರಶ್ನೆ ಕಳಿಸಿದೆ. ಕೆಳಗೆ ಇಳಿದವರೋ, ಆಫೀಸಿನವರೋ? ಮಗಳು ಓದಿ ಹೇಳಿದಳು. ದೊಡ್ಡ ಟೀಮಿನ ಕೋಚ್ ಆಗುವ ಮೊದಲು ಈತ ವರ್ಷಗಟ್ಟಲೆ ಹುಡುಗರ ಅಕಾಡೆಮಿಯಲ್ಲಿ ಕಲಿಸಿದವರು. ಸಂಡರ್‌ಲ್ಯಾಂಡ್‌ನಲ್ಲಿ ಆಗ ಇದ್ದದ್ದೂ ಹುಡುಗರೇ. ಕ್ರಿಸ್ ರಿಗ್‌ಗೆ 17, ಜೋಬ್ ಬೆಲ್ಲಿಂಗ್‌ಹ್ಯಾಮ್‌ಗೆ 18. "ಹುಡುಗರಿಗೆ ಮೇಷ್ಟ್ರು ಸಿಕ್ಕಾರ, ಚಿಂತೆ ಮಾಡಬ್ಯಾಡ್ರಿ ಅಂತ ಹೇಳು ಅವರಿಗೆ" ಎಂದೆ. ಅಲ್ಲದೆ ಈ ಮೇಷ್ಟ್ರು ನಡುವೆ ಓಡಿ ಬಂದವರಲ್ಲ. ಸೀಸನ್ ಶುರುವಾಗುವ ಮೊದಲೇ ಬಂದವರು. ಬಿತ್ತನೆಗೆ ಮುಂಚೆ ಹೊಲ ನೋಡಿಕೊಳ್ಳಲು ಸಮಯ ಸಿಕ್ಕಿತ್ತು.

ಲೀಗಿನ ಮೊದಲ ನಾಲ್ಕು ಪಂದ್ಯವೂ ಗೆದ್ದರು. ಶನಿವಾರ ಅಲ್ಲಿ ಮಧ್ಯಾಹ್ನ ಮೂರು ಅಂದರೆ ನಮಗೆ ಬೇಸಿಗೆಯಲ್ಲಿ ರಾತ್ರಿ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ. ಊಟದ ತಟ್ಟೆ ಮುಂದೆ ಫೋನು ನಿಲ್ಲಿಸಿಕೊಂಡು ನೋಡುವುದು ರೂಢಿಯಾಯಿತು. ಚಳಿಗಾಲ ಕಳೆಯಿತು. ಟೀಮು ನಾಲ್ಕನೇ ಸ್ಥಾನದಲ್ಲಿ ಗಟ್ಟಿಯಾಗಿ ಕೂತಿತು. ಆಮೇಲೆ ಏನಾಯಿತೋ, ಲೀಗಿನ ಕೊನೆಯ ಐದೂ ಪಂದ್ಯ ಸೋತರು. ಐದಕ್ಕೆ ಐದು! ಲೀಗಿನಲ್ಲಿ ಒಟ್ಟು 76 ಪಾಯಿಂಟು. ಮೂರನೇ ಸ್ಥಾನದ ಶೆಫೀಲ್ಡ್ ಯುನೈಟೆಡ್‌ಗೆ 90. ಅಷ್ಟರಲ್ಲಿ ಮುದುಕರು ಆಸ್ಪತ್ರೆಯಿಂದ ಮನೆಗೆ ಹೋಗಿ ತಿಂಗಳುಗಳಾಗಿದ್ದವು. ತಪಾಸಣೆಗೆ ಬಂದಾಗ ಮಗಳ ಕೈಗೆ ಒಂದು ಕೆಂಪು ಬಿಳಿ ಪಟ್ಟೆಯ ಉಣ್ಣೆ ಸ್ಕಾರ್ಫ್ ಕೊಟ್ಟು, ನಿಮ್ಮಪ್ಪನಿಗೆ ಕಳಿಸು ಎಂದಿದ್ದರಂತೆ. ರಾಯಚೂರು ಜಿಲ್ಲೆಗೆ ಉಣ್ಣೆ ಸ್ಕಾರ್ಫ್! ಅವರಿಗೆ ನಮ್ಮ ಬಿಸಿಲು ಹೇಗೆ ಗೊತ್ತಾಗಬೇಕು.

ಆ ನಾಲ್ವರ ಹೊಡೆದಾಟದ ಸೆಮಿಫೈನಲ್‌ನಲ್ಲಿ ಎದುರಾಳಿ ಕವೆಂಟ್ರಿ. ಎರಡನೇ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು. ಇನ್ನೇನು ಪೆನಾಲ್ಟಿ ಅನ್ನುವಾಗ, 122ನೇ ನಿಮಿಷಕ್ಕೆ ನಮ್ಮ ಡ್ಯಾನ್ ಬ್ಯಾಲಾರ್ಡ್ ತಲೆಯಿಂದ ಗೋಲು. ಆಗ ನಮ್ಮಲ್ಲಿ ನಡುರಾತ್ರಿ ದಾಟಿ ಬಹಳ ಹೊತ್ತಾಗಿತ್ತು. ಕೂಗಿದ್ದಕ್ಕೆ ಮನೆಯವಳ ಕೈಲಿ ಬೈಸಿಕೊಂಡೆ.

ಫೈನಲ್ 2025ರ ಮೇ 24, ಲಂಡನ್ನಿನ ವೆಂಬ್ಲಿ ಮೈದಾನ. ಎದುರಾಳಿ ಅದೇ ಶೆಫೀಲ್ಡ್ ಯುನೈಟೆಡ್. ಈ ಒಂದು ಪಂದ್ಯ ಗೆದ್ದರೆ ಕ್ಲಬ್ಬಿಗೆ ಕನಿಷ್ಠ 20 ಕೋಟಿ ಪೌಂಡ್ ಆದಾಯ ಅಂತ ಅಂದಾಜು. ನಮ್ಮ ಲೆಕ್ಕದಲ್ಲಿ ಎರಡು ಸಾವಿರ ಕೋಟಿ ರೂಪಾಯಿಗೂ ಜಾಸ್ತಿ. ಸೆಕೆ ಅಂತ ಮಾಳಿಗೆ ಮೇಲೆ ಚಾಪೆ ಹಾಕಿಕೊಂಡು, ಫೋನು ಹಿಡಿದು, ಕೊರಳಿಗೆ ಆ ಸ್ಕಾರ್ಫ್ ಸುತ್ತಿಕೊಂಡು ಕೂತೆ. 25ನೇ ನಿಮಿಷಕ್ಕೆ ಶೆಫೀಲ್ಡ್‌ನವರ ಗೋಲು. ಸ್ವಲ್ಪ ಹೊತ್ತಿಗೆ ಇನ್ನೊಂದನ್ನೂ ಹೊಡೆದರು. ವಿಡಿಯೋ ನೋಡಿ ರೆಫರಿ ಅದನ್ನು ರದ್ದು ಮಾಡಿದ. ಅಲ್ಲಿ ಉಸಿರು ಬಂತು. 76ನೇ ನಿಮಿಷಕ್ಕೆ ನಮ್ಮ ಮಯೆಂಡಾ ಸಮ ಮಾಡಿದ. 90 ನಿಮಿಷ ಮುಗಿಯಿತು. ರೆಫರಿ ಸೇರಿಸಿದ ನಿಮಿಷಗಳೂ ಕರಗತೊಡಗಿದವು.

ಆಗ ಒಂದು ವಿಚಿತ್ರ ಆಯಿತು. ಫೋನಿನಲ್ಲಿ ಬರುವ ಆಟ ಅಲ್ಲಿಗಿಂತ ಅರ್ಧ ನಿಮಿಷ ಹಿಂದೆ ಇರುತ್ತದೆ. ಪರದೆಯ ಮೇಲೆ ಚೆಂಡು ಇನ್ನೂ ನಡು ಮೈದಾನದಲ್ಲಿದೆ, ಮಗಳ ಕರೆ ಬಂತು. ಎತ್ತಿದರೆ ಮಾತೇ ಇಲ್ಲ, ಬರೀ ಅಳು, ಹಿಂದೆ ಮನೆ ತುಂಬಾ ಜನರ ಕೂಗು. ಗೋಲು ಆಗಿದೆ, ನಮ್ಮದೇ ಆಗಿದೆ. ಕರೆ ಕತ್ತರಿಸದೆ ಮತ್ತೆ ಆಟಕ್ಕೆ ಬಂದೆ. 19 ವರ್ಷದ ಟಾಮ್ ವಾಟ್ಸನ್, ಅದೇ ಸೀಮೆಯ ಹುಡುಗ, ಸಿಕ್ಕ ಚೆಂಡು ತಗೊಂಡು ಎರಡು ಹೆಜ್ಜೆ ಮುಂದೆ ಬಂದು ಮೂಲೆಗೆ ಹೊಡೆದ. 95ನೇ ನಿಮಿಷ. ಇಡೀ ವರ್ಷದಲ್ಲಿ ಆಸೆಯೂ ಇಲ್ಲದೆ, ಭಯವೂ ಇಲ್ಲದೆ ನಾನು ನೋಡಿದ ಒಂದೇ ಗೋಲು ಅದು. ಸ್ವಲ್ಪ ಮೋಸ ಹೋದಂತೆಯೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಕೆಳಗಿಳಿದು ಬಾಗಿಲಿಗೆ ಬಂದೆ. ಎದುರು ಮನೆಯ ಗೆಳೆಯ ಕಟ್ಟೆ ಮೇಲೆ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದ. "ಗೆದ್ವಿ! ಏಳು ವರ್ಷ, ಎಂಟು ವರ್ಷ ಆದ ಮ್ಯಾಲ ಗೆದ್ವಿ!" ಎಂದೆ.

ಅವನು ನನ್ನನ್ನೂ, ಕೊರಳಿನ ಉಣ್ಣೆಯನ್ನೂ ಎರಡೆರಡು ಸಲ ನೋಡಿದ.

"ಯಾರ್ರೀ ಗೆದ್ದದ್ದು? ಆರ್‌ಸಿಬಿ ನಿನ್ನೇನೇ ಹೈದರಾಬಾದ್‌ನವರಿಗೆ ಸೋತೈತಲ್ಲ?"

ಕಟ್ಟೆ ಮೇಲೆ ಪಕ್ಕಕ್ಕೆ ಕೂತು ಮೊದಲಿನಿಂದ ಹೇಳಲು ಶುರು ಮಾಡಿದೆ. ಗಣಿ, ದೀಪ, ನಾಲ್ಕು ತಿಂಗಳು ಮ್ಯಾನೇಜರ್ ಇಲ್ಲದ್ದು, ಎಲ್ಲ. ಅವನೂ ನನ್ನ ಜೊತೆ ಕೇಜ್ ಹತ್ತಿದವನು. ಪೂರ್ತಿ ಕೇಳಿದ. ಕೊನೆಗೆ ಬೀಸಣಿಗೆ ನಿಲ್ಲಿಸಿ ಕೇಳಿದ.

"ಆ ಫ್ರಾನ್ಸಿನಾವ ಹುಡುಗರ ಜೊತಿ ಮೈದಾನಕ್ಕ ಇಳಿತಾನೇನು, ಇಲ್ಲಾ ಬರೀ ದಂಡಿ ಮ್ಯಾಲ ನಿಂತು ಒದರತಾನೋ?"