ಬ್ರಿಸ್ಟಲ್ಲಿನ ಎರಡು ನಿಮಿಷದ ಮುಳ್ಳು

ನಮಸ್ಕಾರ. ಇವತ್ತು ಬೆಳಿಗ್ಗೆ ನಿಮ್ಮನ್ನು ಎಬ್ಬಿಸಿದ್ದು ಏನು? ಮೊಬೈಲಿನ ಅಲಾರಂ, ಅಲ್ವಾ? ನನ್ನನ್ನೂ ಅದೇ ಎಬ್ಬಿಸಿತು.

ನಮ್ಮಜ್ಜಿಗೆ ಅದು ಬೇಕಿರಲಿಲ್ಲ. ಕೋಳಿ ಕೂಗುವ ಹೊತ್ತು, ಬಿಸಿಲು ನೆತ್ತಿಗೇರುವ ಹೊತ್ತು, ದನ ಕೊಟ್ಟಿಗೆಗೆ ಬರುವ ಹೊತ್ತು, ದೀಪ ಹಚ್ಚುವ ಹೊತ್ತು. ಅಷ್ಟರಲ್ಲಿ ಅವಳ ದಿನ ಮುಗಿಯುತ್ತಿತ್ತು. ಬೇಗ ಏಳುತ್ತಿದ್ದಳು, ನನಗಿಂತ ಜಾಸ್ತಿ ದುಡಿಯುತ್ತಿದ್ದಳು. ಆದರೆ "ಐದು ನಿಮಿಷ ಲೇಟಾಯ್ತು" ಅನ್ನುವ ಮಾತು ಅವಳ ಬಾಯಲ್ಲಿ ನಾನು ಕೇಳಲೇ ಇಲ್ಲ.

ಕೈಗಾರಿಕಾ ಕ್ರಾಂತಿ ಅಂದ ಕೂಡಲೇ ನಮಗೆ ನೆನಪಾಗುವುದು ಉಗಿ ಎಂಜಿನ್, ರೈಲು, ನೂಲುವ ಯಂತ್ರ. ಇವೆಲ್ಲಕ್ಕಿಂತ ನಮ್ಮ ಬದುಕಿನೊಳಗೆ ಆಳವಾಗಿ ಇಳಿದದ್ದು ಇವು ಹೊತ್ತು ತಂದ ಗಂಟೆ-ನಿಮಿಷದ ಲೆಕ್ಕ ಅಂತ ನನಗೆ ಅನ್ನಿಸುತ್ತದೆ. ಗಡಿಯಾರ ಮೊದಲೇ ಇತ್ತು, ನಿಜ. ಅದು ಹೇಳಿದ ಹಾಗೆ ಎಲ್ಲರೂ ಕೇಳಲೇಬೇಕು ಅನ್ನುವುದು ಬಂದದ್ದು ಆಮೇಲೆ.

ಇಂಗ್ಲೆಂಡಿನ ಬ್ರಿಸ್ಟಲ್ ನೋಡಿ. ಅದು ಲಂಡನ್ನಿಗೆ ಪಶ್ಚಿಮಕ್ಕಿದೆ. ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಲಂಡನ್ನಿಗಿಂತ ಸುಮಾರು 10 ನಿಮಿಷ ತಡವಾಗಿ. ಹಾಗಾಗಿ ಊರ ಗಡಿಯಾರವೂ 10 ನಿಮಿಷ ಹಿಂದಿತ್ತು. ಕುದುರೆ ಗಾಡಿಯ ಕಾಲದಲ್ಲಿ ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ರೈಲು ಬಂತು ನೋಡಿ, ಒಂದೊಂದು ಊರಿಗೆ ಒಂದೊಂದು ಗಂಟೆ ಇಟ್ಟುಕೊಂಡು ವೇಳಾಪಟ್ಟಿ ಮಾಡುವುದು ಹೇಗೆ? 1840ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆ ತನ್ನ ಎಲ್ಲ ನಿಲ್ದಾಣಗಳಿಗೂ ಲಂಡನ್ ಸಮಯವನ್ನೇ ಹಾಕಿತು. ಊರವರು ತಮ್ಮ ಸಮಯವನ್ನು ಸುಲಭಕ್ಕೆ ಬಿಡಲಿಲ್ಲ. ಬ್ರಿಸ್ಟಲ್ಲಿನ ಕಾರ್ನ್ ಎಕ್ಸ್‌ಚೇಂಜ್ ಕಟ್ಟಡದ ಗಡಿಯಾರಕ್ಕೆ ಈಗಲೂ ನಿಮಿಷದ ಮುಳ್ಳು ಎರಡಿವೆ. ಒಂದು ಊರಿನದು, ಒಂದು ಲಂಡನ್ನಿನದು. ದೇಶಕ್ಕೆಲ್ಲ ಒಂದೇ ಸಮಯ ಅಂತ ಬ್ರಿಟನ್ನಿನಲ್ಲಿ ಕಾನೂನಾದದ್ದು 1880ರಲ್ಲಿ.

ನಮ್ಮಲ್ಲೂ ಇದೇ ಕಥೆ. ಇಲ್ಲಿನ ರೈಲುಗಳು ಮದ್ರಾಸ್ ಸಮಯಕ್ಕೆ ಓಡುತ್ತಿದ್ದವು. 1906ರ ಜನವರಿ 1ರಂದು ಈಗಿನ ಭಾರತೀಯ ಸಮಯ ಬಂತು. ಇವತ್ತಿಗೂ ಮಂಗಳೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು ಹನ್ನೆರಡೂವರೆಗೆ, ಬೆಂಗಳೂರಿನಲ್ಲಿ ಹನ್ನೆರಡು ಇಪ್ಪತ್ತರ ಹೊತ್ತಿಗೆ. 1906ರಲ್ಲಿ ಬಾಂಬೆಯಲ್ಲಿ ಗಡಿಯಾರ ಸುಮಾರು 39 ನಿಮಿಷ ಮುಂದಕ್ಕೆ ಹೋಗಬೇಕಾಯಿತು. ಅಲ್ಲಿನ ಗಿರಣಿ ಕಾರ್ಮಿಕರು ಸಿಟ್ಟಿಗೆದ್ದರು. ಯಾಕೆ ಏಳಬಾರದು? ಬೆಳಗಿನ ಪಾಳಿಗೆ ಹೋಗುವವರಿಗೆ ಆ 39 ನಿಮಿಷ ಅಂದರೆ ನಿದ್ದೆ.

ಗಿರಣಿ ಹೇಗೆ ನಡೆಯುತ್ತಿತ್ತು ಅಂತ ಸ್ವಲ್ಪ ಯೋಚಿಸಿ. ಕೆಳಗೆ ಒಂದು ಉಗಿ ಎಂಜಿನ್. ಅದರಿಂದ ಉದ್ದುದ್ದ ದಂಡಗಳು, ದಂಡಗಳಿಂದ ಬೆಲ್ಟುಗಳು, ಪ್ರತಿ ಬೆಲ್ಟಿಗೂ ಒಂದು ಯಂತ್ರ. ಎಂಜಿನ್ ಶುರುವಾದರೆ ಎಲ್ಲವೂ ತಿರುಗುತ್ತವೆ. ಮನೆಯಲ್ಲಿ ಮಗ್ಗ ಇಟ್ಟುಕೊಂಡ ನೇಕಾರ ಮಗುವಿಗೆ ಜ್ವರ ಬಂದರೆ ಮಗ್ಗ ನಿಲ್ಲಿಸಬಹುದಿತ್ತು, ರಾತ್ರಿ ಕೂತು ನೇಯಬಹುದಿತ್ತು. ಎಂಜಿನ್ನಿಗೆ ಮಗುವಿನ ಜ್ವರ ಗೊತ್ತಾಗುವುದಿಲ್ಲ. ತಡವಾಗಿ ಬಂದವರ ಕೂಲಿ ಕತ್ತರಿಸುತ್ತಿದ್ದರು.

ಆದರೆ ಬಡವರ ಮನೆಯಲ್ಲಿ ಗಡಿಯಾರ ಎಲ್ಲಿಂದ ಬರಬೇಕು? ಅದಕ್ಕೇ ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ ಎಬ್ಬಿಸುವುದೇ ಒಂದು ಕಸುಬಾಯಿತು. ನಸುಕಿನಲ್ಲಿ ಉದ್ದನೆಯ ಗಳ ಹಿಡಿದು ಬೀದಿ ಬೀದಿ ನಡೆದು, ಮಹಡಿಯ ಕಿಟಕಿ ಗಾಜು ತಟ್ಟುವುದು. ವಾರಕ್ಕೆ ಕೆಲವು ಪೆನ್ನಿ ಸಂಬಳ. ಕೆಲವರು ಕೊಳವೆಯಲ್ಲಿ ಒಣ ಬಟಾಣಿ ಊದಿ ಗಾಜಿಗೆ ಹೊಡೆಯುತ್ತಿದ್ದರು. ಆ ಟಕಟಕ ಸದ್ದಿಗೆ ಎದ್ದು ಕತ್ತಲಲ್ಲಿ ಚಪ್ಪಲಿ ಹುಡುಕುವ ಹತ್ತು ವರ್ಷದ ಮಗುವನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಇನ್ನೂ ಕೆಟ್ಟದ್ದೊಂದಿದೆ. ಕೆಲವು ಗಿರಣಿಗಳಲ್ಲಿ ಗಡಿಯಾರವನ್ನು ಬೆಳಿಗ್ಗೆ ಮುಂದಕ್ಕೆ, ಸಂಜೆ ಹಿಂದಕ್ಕೆ ತಿರುಗಿಸುತ್ತಿದ್ದರು. ಕೆಲಸಗಾರರು ತಮ್ಮದೇ ಗಡಿಯಾರ ತರುವುದಕ್ಕೂ ಹೆದರುತ್ತಿದ್ದರು.

ಆದರೂ ಅದೇ ಜನ ಗಡಿಯಾರವನ್ನೇ ಹಿಡಿದು ವಾದಕ್ಕೆ ನಿಂತರು. ನೀವು ನಿಮಿಷ ಎಣಿಸುತ್ತೀರಾ, ಹಾಗಾದರೆ ನಾವೂ ಎಣಿಸುತ್ತೇವೆ ಅಂದರು. ದಿನಕ್ಕೆ ಹತ್ತು ಗಂಟೆಗಿಂತ ಜಾಸ್ತಿ ದುಡಿಸಬೇಡಿ ಅಂತ ವರ್ಷಗಟ್ಟಲೆ ಹೋರಾಡಿದರು. 1847ರಲ್ಲಿ ಕಾನೂನು ಬಂತು. ಅದು ಸಿಕ್ಕಿದ್ದು ಗಿರಣಿಯ ಹೆಂಗಸರಿಗೆ ಮತ್ತು 13ರಿಂದ 18 ವರ್ಷದವರಿಗೆ ಮಾತ್ರ. ಆ ಕಾಲದ ದೊಡ್ಡ ಗೆಲುವು ಯಾವುದು ಅಂದರೆ ನಾನು ಉಗಿ ಎಂಜಿನ್ ಬಿಟ್ಟು ಇದನ್ನೇ ಹೇಳುತ್ತೇನೆ.

ಈಗ ನಮ್ಮಲ್ಲಿ ವಾರಕ್ಕೆ 70 ಗಂಟೆ ದುಡಿಯಬೇಕು ಅನ್ನುವ ಮಾತು ಕೇಳಿಬರುತ್ತಿದೆ. ಸುಮ್ನೆ ಹೋಲಿಸಿ ನೋಡಿ. 1848ರ ಮೇ ತಿಂಗಳಿನಿಂದ ಆ ಹೆಂಗಸರಿಗೆ, ಆ ಹುಡುಗ ಹುಡುಗಿಯರಿಗೆ ಬ್ರಿಟನ್ನಿನ ಕಾನೂನು ಹಾಕಿದ ಮಿತಿ ವಾರಕ್ಕೆ 58 ಗಂಟೆ.