ಕಡಲ ಕಾಡು ಕಾಯುತ್ತಿದ್ದ ನಕ್ಷತ್ರಮೀನು

ಕೇಳುಗರಿಗೆ ನಮಸ್ಕಾರ.

ಕೆನಡಾದ ಪಶ್ಚಿಮ ತೀರದಾಚೆ ಹೈಡಾ ಗ್ವಾಯಿ ಎಂಬ ದ್ವೀಪಗಳಿವೆ. ಹೈಡಾ ಮೂಲನಿವಾಸಿಗಳ ನೆಲ ಅದು. ಅಲ್ಲಿ ವಸಂತ ಎಂದರೆ ಹೆರಿಂಗ್ ಮೀನು ಮೊಟ್ಟೆ ಇಡುವ ಕಾಲ. ನಮ್ಮ ಬೂತಾಯಿಗೆ ದೂರದ ನೆಂಟ ಈ ಹೆರಿಂಗ್. ಕೆಲ್ಪ್ ಎಂಬ ಉದ್ದುದ್ದ ಕಡಲ ಪಾಚಿಯ ಎಲೆಗಳಿಗೆ ಮೊಟ್ಟೆ ದಪ್ಪಗೆ ಅಂಟಿಕೊಳ್ಳುತ್ತದೆ. ಜನ ಎಲೆ ಸಮೇತ ಕೊಯ್ದು ತಂದು ತಿನ್ನುತ್ತಾರೆ, ಬಂಧುಬಳಗಕ್ಕೂ ಹಂಚುತ್ತಾರೆ. ಇದಕ್ಕೆ ಅವರು 'ಕಾವ್' ಅನ್ನುತ್ತಾರೆ.

ಕೆಲ್ಪ್ ಇಲ್ಲದಿದ್ದರೆ ಕಾವ್ ಎಲ್ಲಿಂದ ಬರಬೇಕು?

ಆ ಕೆಲ್ಪ್ ಕಾಡನ್ನು ಕಾಯುತ್ತಿದ್ದವರಲ್ಲಿ ಒಬ್ಬರು ಸೂರ್ಯಕಾಂತಿ ನಕ್ಷತ್ರಮೀನು. ಇಪ್ಪತ್ತಕ್ಕೂ ಹೆಚ್ಚು ತೋಳು, ಬೆಳೆದರೆ 1 ಮೀಟರ್ ಅಗಲ. ಮುಳ್ಳಿನ ಉಂಡೆಯಂಥ ಅರ್ಚಿನ್‌ಗಳನ್ನು ಅದು ಹುಡುಕಿ ಹುಡುಕಿ ತಿನ್ನುತ್ತದೆ. ಅರ್ಚಿನ್‌ಗೆ ಕೆಲ್ಪ್ ಎಂದರೆ ಪ್ರಾಣ. ತಿನ್ನುವವರಿಲ್ಲದಿದ್ದರೆ ಅವು ಕಾಡನ್ನೇ ಮೇಯ್ದು ಬರೀ ಬಂಡೆ ಉಳಿಸುತ್ತವೆ.

2013ರಲ್ಲಿ ಒಂದು ರೋಗ ಬಂತು. ತೋಳು ತಿರುಚಿಕೊಳ್ಳುತ್ತದೆ, ಕಳಚಿ ಬೀಳುತ್ತದೆ, ಕೊನೆಗೆ ಮೈಯೇ ಕರಗಿ ಹೋಗುತ್ತದೆ. ಮೆಕ್ಸಿಕೊದಿಂದ ಅಲಾಸ್ಕಾವರೆಗೆ ಹಬ್ಬಿ, 500 ಕೋಟಿಗೂ ಹೆಚ್ಚು ಸೂರ್ಯಕಾಂತಿ ನಕ್ಷತ್ರಮೀನುಗಳನ್ನು ಕೊಂದಿತು. ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ! ವಿಬ್ರಿಯೊ ಪೆಕ್ಟೆನಿಸಿಡಾ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ ಎಂದು ತಿಳಿದದ್ದು 2025ರಲ್ಲಿ. ಕಾಲರಾ ತರುವ ಬ್ಯಾಕ್ಟೀರಿಯಾದ ಕುಲವೇ ಅದು.

ಕೆಲ್ಪ್ ಕಾಡು ಬರಿದಾದದ್ದಕ್ಕೆ ಎಲ್ಲ ತಪ್ಪನ್ನೂ ರೋಗದ ಮೇಲೆ ಹೊರಿಸಬಾರದು. ಅರ್ಚಿನ್ ತಿನ್ನುವ ಕಡಲ ನೀರುನಾಯಿಗಳನ್ನು ತುಪ್ಪಳದ ವ್ಯಾಪಾರ ಎಷ್ಟೋ ಹಿಂದೆಯೇ ಅಲ್ಲಿಂದ ಅಳಿಸಿ ಹಾಕಿತ್ತು. ಹೊರಗಿನವರ ದುರಾಸೆಗೆ ಹೈಡಾ ಜನರ ತಟ್ಟೆ ಬೆಲೆ ತೆತ್ತಿದೆ. ನನಗೆ ಇದೇ ಜಾಸ್ತಿ ನೋಯುವ ಸಂಗತಿ.

ಆದರೆ ಅವರು ಸುಮ್ನೆ ಕೂರಲಿಲ್ಲ. ಗ್ವಾಯಿ ಹಾನಾಸ್ ಎಂಬ ರಕ್ಷಿತ ಪ್ರದೇಶವನ್ನು ಹೈಡಾ ರಾಷ್ಟ್ರ, ಅಂದರೆ ಹೈಡಾ ಜನರದೇ ಆಡಳಿತ, ಮತ್ತು ಕೆನಡಾ ಸರ್ಕಾರ ಸೇರಿ ನೋಡಿಕೊಳ್ಳುತ್ತವೆ. ಅಲ್ಲಿ ಮುಳುಗುಗಾರರು ನೀರಿಗಿಳಿದು ನಕ್ಷತ್ರಮೀನು, ನೀರುನಾಯಿ ಮಾಡಬೇಕಿದ್ದ ಕೆಲಸವನ್ನು ಕೈಯಾರೆ ಮಾಡಿದರು. ಕೆಲವು ಅರ್ಚಿನ್ ಒಡೆದರು, ಕೆಲವನ್ನು ಮೇಲೆ ತಂದರು. ಅದರ ಒಳಗಿನ ಹಳದಿ ತಿರುಳು ಹೈಡಾ ಮನೆಗಳಿಗೆ ಹೋಯಿತು. ತೆರವಾದ ಬಂಡೆಗಳ ಮೇಲೆ ಕೆಲ್ಪ್ ಮತ್ತೆ ಚಿಗುರಿತು. ಯೋಜನೆಗೆ ಹೈಡಾ ಭಾಷೆಯಲ್ಲೇ ಹೆಸರಿದೆ. ಕಡಲ ಆಹಾರವನ್ನು ಪೋಷಿಸಿ ಬೆಳೆಸುವುದು ಎಂದು ಅರ್ಥ. ಎಷ್ಟು ಚೆಂದ, ಅಲ್ವಾ?

ಹೈಡಾ ಗ್ವಾಯಿ ಸೇರಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನಡುತೀರದಲ್ಲಿ, ಬೆಟ್ಟಗಳ ಸಂದಿಗೆ ನುಗ್ಗಿದ ಆಳದ ಕಡಲ ಕವಲುಗಳಿವೆ. ಆ ತಣ್ಣನೆಯ ನೀರಿನಲ್ಲಿ ಸೂರ್ಯಕಾಂತಿ ನಕ್ಷತ್ರಮೀನುಗಳು ಇನ್ನೂ ಬದುಕಿವೆ. ದೊಡ್ಡ ದೊಡ್ಡವೇ, ಎಲ್ಲ ತೋಳುಗಳ ಸಮೇತ.